ನಾನು ಓದುವುದು, ತಾತ ಬಿಚ್ಚುವುದು

ನನಗೆ ಇಂಗ್ಲಿಷ್ ಬರುವುದಿಲ್ಲವೆಂದು ನೀವಿಬ್ಬರೂ ನಗುತ್ತೀರಿ. ನಿಜವೇ. ನಿಮ್ಮ ಶಾಲೆಯ ಮಿಸ್ ಎದುರಿಗೆ ಬಂದರೆ ನಾನು ಸೆರಗು ಸರಿಮಾಡಿಕೊಂಡು ನಿಮ್ಮಮ್ಮನ ಹಿಂದೆ ನಿಲ್ಲುವವಳು. ಆದರೆ ಒಂದು ಇಂಗ್ಲಿಷ್ ನನಗೆ ಬರುತ್ತದೆ, ಅದು ಕಾರಿನದು. ರಿಮೂವ್ ಅಂದರೆ ಬಿಚ್ಚು. ಲೂಸನ್ ಅಂದರೆ ಸಡಿಲಮಾಡು, ಪೂರ್ತಿ ಬಿಚ್ಚಬೇಡ. ಡು ನಾಟ್ ರೀಯೂಸ್ ಅಂದರೆ ತೆಗೆದದ್ದನ್ನೇ ಮತ್ತೆ ಹಾಕಬೇಡ, ಹೊಸದು ತಾ. ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದೆ. ಅಲ್ಲಿ ಇಂಗ್ಲಿಷ್ ಅಂದರೆ ಎಬಿಸಿಡಿ, ಆಮೇಲೆ ಬೆಕ್ಕು, ನಾಯಿ, ಹಸು. ಉಳಿದದ್ದನ್ನೆಲ್ಲ ಮನೆಯ ಮುಂದೆ ಮಣೆ ಹಾಕಿಕೊಂಡು, ನಿಮ್ಮ ತಾತನ ಪಾದಗಳನ್ನು ನೋಡುತ್ತ ಕಲಿತೆ. ಪಾದ ಮಾತ್ರ, ಏಕೆಂದರೆ ಮಿಕ್ಕ ಮೈಯೆಲ್ಲ ಕಾರಿನ ಕೆಳಗಿರುತ್ತಿತ್ತು.

ನಿಮ್ಮ ಕ್ರಿಕೆಟ್ಟಿಗೆ ಅಡ್ಡವಾಗಿ ನಿಂತಿದೆಯಲ್ಲ, ಆ ಕಪ್ಪು ಕಾರಿನ ವಿಷಯವನ್ನೇ ಹೇಳುತ್ತಿದ್ದೇನೆ. ನಿಮ್ಮ ತಾತ ಊದುಬತ್ತಿ ಕಾರ್ಖಾನೆಯ ಯಜಮಾನರೊಬ್ಬರಿಗೆ ಡ್ರೈವರಾಗಿದ್ದರು. ಆ ಕಾರು ಜರ್ಮನಿಯದು, ಆ ಕಾಲಕ್ಕೆ ಮೈಸೂರಿನಲ್ಲಿ ಅಂಥವು ಬೆರಳೆಣಿಕೆಯಷ್ಟು. ಯಜಮಾನರಿಗೆ ವಯಸ್ಸಾಗಿ ಓಡಾಟ ನಿಂತಾಗ, 'ಇದರ ಸ್ವಭಾವ ಗೊತ್ತಿರೋನು ನೀನೊಬ್ಬನೇ, ನೀನೇ ಇಟ್ಕೊ' ಎಂದು ಕೊಟ್ಟುಬಿಟ್ಟರು. ಕಾರಿನ ಜೊತೆಗೆ ಒಂದು ಪುಸ್ತಕವೂ ಬಂತು. ಕಾರು ಮಾಡಿದ ಕಾರ್ಖಾನೆಯವರೇ ತಮ್ಮ ಮೆಕ್ಯಾನಿಕ್ಕುಗಳಿಗಾಗಿ ಅಚ್ಚು ಹಾಕಿಸಿದ್ದ ರಿಪೇರಿ ಪುಸ್ತಕ. ಯಜಮಾನರು ವಿದೇಶಕ್ಕೆ ಹೋದಾಗ ಹೊತ್ತು ತಂದಿದ್ದರಂತೆ. ಒಂದು ಕೈಯಲ್ಲಿ ಎತ್ತಲು ನನ್ನಿಂದ ಆಗುತ್ತಿರಲಿಲ್ಲ.

ದಟ್ಟಗಳ್ಳಿಯಲ್ಲಿ ಆಗಿನ್ನೂ ಮನೆಗಳು ವಿರಳ. ನಮ್ಮ ಪುಟ್ಟ ಮನೆಯ ಮುಂದೆ ಆ ಕಾರು ನಿಂತರೆ ಮನೆಗಿಂತ ಕಾರೇ ದೊಡ್ಡದಾಗಿ ಕಾಣುತ್ತಿತ್ತು. ನೆಂಟರು ಬಂದವರು, 'ಏನಪ್ಪಾ, ಮನೇನ ಮಾರಿ ಕಾರ್ ತಗೊಂಡಾ, ಇಲ್ಲ ಕಾರಿನ ಜೊತೆ ಮನೆ ಬಂತಾ?' ಎಂದು ಕಿಚಾಯಿಸುತ್ತಿದ್ದರು. ನಿಮ್ಮ ತಾತ ನಗುತ್ತ ಕಾರು ಒರೆಸುತ್ತಿದ್ದರು. ಅಂಥ ಕಾರನ್ನು ದೊಡ್ಡ ಶೋರೂಮಿಗೆ ಒಯ್ಯುವ ಶಕ್ತಿ ನಮಗಿರಲಿಲ್ಲ. ಹಾಗಾಗಿ ಪುಸ್ತಕ ನೋಡಿ ತಾವೇ ಮಾಡುವುದೆಂದು ತೀರ್ಮಾನಿಸಿದರು.

ಒಂದೇ ತೊಡಕು. ಕೈಯೆಲ್ಲ ಗ್ರೀಸು, ಆ ಕೈಯಲ್ಲಿ ಪುಸ್ತಕ ಮುಟ್ಟಲು ಅವರಿಗೆ ಮನಸ್ಸು ಬರದು. ಒಂದು ಭಾನುವಾರ ಕಾರಿನ ಕೆಳಗಿನಿಂದ ಕೂಗಿದರು: "ಏನಮ್ಮಿ, ಆ ಪುಟದಲ್ಲಿ ಮುಂದಕ್ಕೆ ಏನೈತೆ ಓದು."

"ನಂಗೆಲ್ಲಿ ಬತ್ತದೆ ಇಂಗ್ಲಿಷು?"

"ಅಕ್ಷರ ಬತ್ತದಲ್ಲ? ಒಂದೊಂದೇ ಹೇಳು, ಕೂಡಿಸ್ಕೊಳ್ಳೋದು ನಂಗೆ ಬುಡು."

ಹೀಗೆ ಶುರುವಾಯಿತು. ನಾನು ಒಂದೊಂದೇ ಅಕ್ಷರ ಹೇಳುವುದು, ಅವರು ಕೂಡಿಸಿಕೊಂಡು ಅರ್ಥ ಹೇಳುವುದು. ಅವರದೊಂದು ಕ್ರಮವಿತ್ತು. ನಾನು ಓದಿದ್ದನ್ನು ಅವರು ತಿರುಗಿ ಹೇಳಬೇಕು, ಆಮೇಲೆ ಮಾಡಬೇಕು, ಮಾಡಿ ಮುಗಿಸಿ 'ಹೂಂ, ಮುಂದಕ್ಕೆ' ಅನ್ನಬೇಕು. ಅಲ್ಲಿಯವರೆಗೆ ನಾನು ಮುಂದಿನ ಸಾಲಿಗೆ ಕಣ್ಣು ಹಾಕಕೂಡದು. ಬಿಚ್ಚಿದ ಬೋಲ್ಟುಗಳಿಗೆ ನನ್ನ ಹಳೆಯ ಇಡ್ಲಿ ತಟ್ಟೆ ಕೊಟ್ಟಿದ್ದೆ. ಮೊದಲ ಕೆಲಸದ ಬೋಲ್ಟುಗಳು ಮೊದಲ ಗುಳಿಗೆ, ಎರಡನೆಯದು ಎರಡನೆಯದಕ್ಕೆ. ಬಿಚ್ಚುವುದನ್ನು ಆ ಪುಸ್ತಕದವರು ಪುಟಗಟ್ಟಲೆ ಬರೆದಿರುತ್ತಿದ್ದರು. ಜೋಡಿಸುವ ಮಾತು ಬಂದಾಗ ಮಾತ್ರ, ಬಿಚ್ಚಿದ್ದನ್ನು ಕೊನೆಯಿಂದ ಮೊದಲಿಗೆ ಜೋಡಿಸಿ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡುಬಿಡುತ್ತಿದ್ದರು. ಹಾಗಾಗಿ ಇಡ್ಲಿ ತಟ್ಟೆಯೇ ನಮಗೆ ಗತಿ. ಕೊನೆಯ ಗುಳಿಯಿಂದ ಹಿಂದಕ್ಕೆ ಬರುತ್ತ ಖಾಲಿಮಾಡುತ್ತಿದ್ದೆವು. ತಟ್ಟೆ ಖಾಲಿಯಾದರೆ ಕೆಲಸ ಮುಗಿಯಿತೆಂದು ಲೆಕ್ಕ.

ಬರುಬರುತ್ತ ಅಕ್ಷರ ಕೂಡಿಸುವ ಕಷ್ಟ ತಪ್ಪಿತು. ನೋಡಿದ ಕೂಡಲೇ ಪದ ಬಾಯಿಗೆ ಬರತೊಡಗಿತು. ಒಂದು ಬೋಲ್ಟನ್ನು ಎಷ್ಟು ಬಿಗಿಮಾಡಬೇಕೆಂದು ಕೂಡ ಆ ಪುಸ್ತಕದಲ್ಲಿ ಬರೆದಿತ್ತು. ಅದನ್ನು ಅಳೆಯುವ ಉದ್ದನೆಯ ಸ್ಪ್ಯಾನರೊಂದು ನಿಮ್ಮ ತಾತನ ಬಳಿ ಇತ್ತು. ಉಪ್ಪನ್ನೂ ಕೈಯಳತೆಯಲ್ಲಿ ಹಾಕುವ ನನಗೆ ಇದೆಲ್ಲ ಅತಿಯೆನಿಸುತ್ತಿತ್ತು. 'ಬಿಗಿ ಅಂದ್ರೆ ಬಿಗಿ, ಅದರಲ್ಲೇನು ಅಳತೆ' ಎಂದರೆ, 'ಜಾಸ್ತಿ ಬಿಗಿ ಮಾಡಿದ್ರೂ ಮುರೀತದೆ ಕಣಮ್ಮಿ, ಮಕ್ಕಳ ಥರ' ಅನ್ನುತ್ತಿದ್ದರು. ನಿಮ್ಮಮ್ಮ ಆಗ ಹೈಸ್ಕೂಲಿನಲ್ಲಿದ್ದಳು. ಅವಳಿಗೆ ಆ ಮಾತು ಬಹಳ ಹಿಡಿಸಿತ್ತು.

ಆ ಕಾರು ಮದುವೆಗಳಿಗೆ ಹೋಗುತ್ತಿತ್ತು. ಕಲ್ಯಾಣಮಂಟಪದಿಂದ ಹೆಣ್ಣನ್ನು ಗಂಡಿನ ಮನೆಗೆ ಕರೆದೊಯ್ಯಲು ಕೇಳಿದವರಿಗೆ ನಿಮ್ಮ ತಾತ ಇಲ್ಲವೆನ್ನುತ್ತಿರಲಿಲ್ಲ. ನಮ್ಮ ರಸ್ತೆಯ ತಿರುವಿನಲ್ಲಿ ಹೂ ಮಾರುವವಳೊಬ್ಬಳು ಕೂರುತ್ತಿದ್ದಳು, ಈಗಲೂ ಕೂರುತ್ತಾಳೆ, ನಿಮಗೆ ಗೊತ್ತು. ದಿನಾ ಬೆಳಿಗ್ಗೆ ಅವಳ ಬುಟ್ಟಿಯ ಮೊದಲ ತುಂಡು ಮಲ್ಲಿಗೆಯನ್ನು ತಂದು, ಮುಂದಿನ ಗಾಜಿನ ಬುಡಕ್ಕೆ ಇಟ್ಟು ಕೈಮುಗಿದೇ ಅವರು ಕಾರಿನ ಬಾಗಿಲು ತೆಗೆಯುತ್ತಿದ್ದದ್ದು. ಸಂಜೆ ಬರುವಷ್ಟರಲ್ಲಿ ಹೂ ಅಲ್ಲಿರುತ್ತಿರಲಿಲ್ಲ. ಗಾಳಿಗೆ ಹಾರಿಹೋಯಿತೆಂದುಕೊಳ್ಳುತ್ತಿದ್ದೆವು.

ಹೂವಿನವಳ ಮಗಳು ಚಿಕ್ಕವಳಿದ್ದಾಗ ತಾಯಿಯ ಪಕ್ಕದಲ್ಲೇ ಗೋಣಿಚೀಲದ ಮೇಲೆ ಕೂತು ಪಾಠ ಬರೆಯುತ್ತಿದ್ದಳು. ಮಳೆ ಬಂದ ದಿನ ನಿಮ್ಮ ತಾತ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಇಳಿಯಲು ಅವಳು ಒಪ್ಪುತ್ತಿರಲಿಲ್ಲ. 'ನಿನ್ ಮದ್ವೆ ದಿನ ಈ ಕಾರಲ್ಲೇ ಕಳಿಸ್ತೀನಿ, ಈಗ ಇಳ್ಕೊಳವ್ವ' ಎಂದು ಪುಸಲಾಯಿಸಿ ಇಳಿಸುತ್ತಿದ್ದರು. ಮಕ್ಕಳಿಗೆ ಹೇಳುವ ಮಾತು. ಅವರು ನೆನಪಿಟ್ಟುಕೊಂಡಿದ್ದರೋ ಇಲ್ಲವೋ ನಾನರಿಯೆ. ಆ ಹುಡುಗಿ ನೆನಪಿಟ್ಟುಕೊಂಡಿದ್ದಳು.

ನಿಮ್ಮ ತಾತ ತೀರಿಕೊಂಡ ಮೇಲೆ ಕಾರನ್ನು ಯಾರೂ ತೆಗೆಯಲಿಲ್ಲ. ಆ ವರ್ಷ ಆಷಾಢದ ಮಳೆ ಜೋರಾಗಿತ್ತು. ಶ್ರಾವಣ ಹುಟ್ಟಿದ ಮೇಲೆ ಒಂದು ಸಂಜೆ ಹೂವಿನವಳು ಲಗ್ನಪತ್ರಿಕೆ ಹಿಡಿದುಕೊಂಡು ಬಂದಳು. ಮಗಳಿಗೆ ಲಷ್ಕರ್ ಮೊಹಲ್ಲಾದ ಹುಡುಗ, ಪಾತ್ರೆ ಅಂಗಡಿಯಲ್ಲಿ ಕೆಲಸ. ಅರಿಶಿನ ಕುಂಕುಮದ ತಟ್ಟೆಯನ್ನು ನನ್ನ ಮುಂದೆ ಹಿಡಿಯುವುದೋ ಬೇಡವೋ ಎಂದು ಅವಳು ತಡವರಿಸಿದಳು. ನಾನೇ ಪತ್ರಿಕೆಯನ್ನಷ್ಟೇ ತೆಗೆದುಕೊಂಡು ಕೂರಿಸಿದೆ.

"ಅಕ್ಕ, ಒಂದ್ ಮಾತು. ನಮ್ ಹುಡ್ಗಿ ಕಾರು ಕಾರು ಅಂತ ಏನಾದ್ರೂ ಬಂದು ಹೇಳುದ್ರೆ ನೀವು ತಲೆಗಾಕ್ಕೊಬೇಡಿ ಕಣಕ್ಕ."

"ಏನಂತಾಳೆ?"

"ಗಂಡಿನ್ ಕಡೆಯೋರು ಬಾಡ್ಗೆ ಕಾರ್ ತತ್ತೀವಿ ಅಂದ್ರು. ಇವಳು ಬ್ಯಾಡ ಅಂದ್ಬುಟ್ಟವ್ಳೆ. ಹೋದ್ರೆ ತಾತನ ಕಾರಲ್ಲಿ, ಇಲ್ದಿದ್ರೆ ಆಟೋದಲ್ಲೇ ಹೋಯ್ತೀನಿ ಅಂತಾಳೆ. ಹೋದೋರ ಮಾತ ಯಾರಾದ್ರೂ ಈಗ ಕೇಳಾಕ್ಕೈತದಾ? ಗಂಡಿನ್ ಸೋದರತ್ತೆ ಆಗ್ಲೇ ಗೊಣಗ್ತಾವ್ರೆ, ಬರಾಕ್ ಮುಂಚೆನೇ ಇಷ್ಟು ಹಟವಾ ಅಂತ."

ಅವಳು ಹೋದ ಮೇಲೆ ಕಾರಿನ ಹೊದಿಕೆ ಸರಿಸಿ ಬಾಗಿಲು ತೆಗೆದೆ. ಒಳಗೆ ಕಾಲಿಟ್ಟರೆ ಕಾರ್ಪೆಟ್ಟು ಪಚಕ್ ಎಂದಿತು. ನೀರು. ಕೊಳೆತ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ನಿಮ್ಮಪ್ಪ ಬಂದು ನೋಡಿ, "ಅತ್ತೆ, ಇದು ಮುಗೀತು. ಯಾರಾದ್ರೂ ತಗೊಂಡ್ರೆ ಕೊಟ್ಟುಬಿಡೋಣ" ಎಂದರು. ಬೇಸರ ಮಾಡಲೆಂದು ಹೇಳಿದ ಮಾತಲ್ಲ ಅದು. ಹುಡುಗಿ ಆಟೋದಲ್ಲಿ ಹೋದರೆ ಆಕಾಶವೇನೂ ಬೀಳುವುದಿಲ್ಲವೆಂದು ನನಗೂ ಗೊತ್ತಿತ್ತು. ಆದರೆ ಹೊಸ ಮನೆಗೆ ಹೆಜ್ಜೆ ಇಡುವ ಮೊದಲೇ ಅವಳ ಮಾತು ಬಿದ್ದುಹೋಗುತ್ತದಲ್ಲ, ಅದೂ ನಮ್ಮವರನ್ನು ನಂಬಿದ್ದಕ್ಕೆ, ಎಂಬುದು ನನ್ನನ್ನು ಕೊರೆಯುತ್ತಿತ್ತು.

ಉದಯಗಿರಿಯಲ್ಲಿರುವ, ನಿಮ್ಮ ತಾತನ ಸ್ನೇಹಿತರಾದ ಮೆಕ್ಯಾನಿಕ್ಕಿಗೆ ಫೋನು ಮಾಡಿಸಿದೆ. ಬಿಳಿ ಗಡ್ಡದ ಅವರನ್ನು ನೀವು 'ಸ್ಪ್ಯಾನರ್ ತಾತ' ಅನ್ನುತ್ತೀರಿ. ಅವರು ಬೇರೆ ಬ್ಯಾಟರಿ ತಂದು ಜೋಡಿಸಿದಾಗ ಇಂಜಿನ್ನೇನೋ ಎದ್ದಿತು. ಆದರೆ ಗೇರಿನ ಕಡ್ಡಿ ನಿಂತ ಜಾಗದಿಂದ ಕದಲಲೊಲ್ಲದು. ಗೇರು ತಾನಾಗಿ ಬದಲಾಗುವ ಕಾರದು. ಗೇರಿಗೆ ಅಪ್ಪಣೆ ಕೊಡುವ ಪೆಟ್ಟಿಗೆ ಕಾರ್ಪೆಟ್ಟಿನ ಕೆಳಗಿರುತ್ತದೆ.

"ಪೆಟ್ಗೆ ನೀರು ಕುಡಿದುಬಿಟ್ಟಿದೆ ಅಕ್ಕಾ. ಇಂಥದ್ದು ಹುಡುಕಿ ತರೋಕೆ ತಿಂಗಳು ಬೇಕು."

"ಮದುವೆ ಬರೋ ವಾರ."

"ಹಾಗಾದ್ರೆ ಆಟೋ ಚೆನ್ನಾಗಿದೆ."

"ನೀರು ಬಂದಿದ್ದೆಲ್ಲಿಂದ?" ಎಂದೆ. ಬಾಗಿಲಿನ ರಬ್ಬರು ಇರಬಹುದು, ಮೇಲಿನಿಂದ ಇರಬಹುದು ಎಂದರು. ನಾನು ಒಳಗೆ ಹೋಗಿ ಪುಸ್ತಕ ತಂದೆ. ಅವರಿಗೆ ಅದನ್ನು ಕಂಡರೆ ಮೊದಲಿನಿಂದಲೂ ತಮಾಷೆ.

"ಈ ಪುಸ್ತಕ ಓದ್ತಾ ಕೂತ್ರೆ ಹುಡುಗಿಗೆ ಮದ್ವೆ ಆಗಿ, ಮಗೂನೂ ಹುಟ್ಟಿ, ಅದೇ ಬಂದು ಗಾಡಿ ತಳ್ಳುತ್ತೆ ನೋಡಿ!"

ವಾಟರ್ ಎಂಬ ಪದ ಎಲ್ಲೆಲ್ಲಿ ಬರುತ್ತದೆಂದು ಹುಡುಕುತ್ತ ಅವತ್ತು ಮಧ್ಯಾಹ್ನವೆಲ್ಲ ಕೂತೆ. ಇಂಜಿನ್ನಿನ ನೀರು, ಗಾಜು ಒರೆಸುವ ನೀರು, ಎಲ್ಲ ದಾಟಿದ ಮೇಲೆ ಒಂದು ಚಿತ್ರ ಸಿಕ್ಕಿತು. ಮುಂದಿನ ಗಾಜಿನಿಂದ ಇಳಿಯುವ ಮಳೆನೀರು ಬಾನೆಟ್ಟಿನ ಹಿಂದಿನ ಸಂದಿಗೆ ಬಿದ್ದು, ಬ್ಯಾಟರಿಯ ತಳದಲ್ಲಿರುವ ರಬ್ಬರಿನ ಬಾಯಿಂದ ಕೆಳಕ್ಕೆ ಹೋಗಬೇಕು. ಬಚ್ಚಲಿನ ತೂಬಿನ ಹಾಗೆ. ಅದು ಕಟ್ಟಿಕೊಂಡರೆ ನೀರು ಒಳಕ್ಕೇ ಹರಿಯಬೇಕಲ್ಲ?

ಮರುದಿನ ಮಣೆ ಹಾಕಿಕೊಂಡು ಕೂತೆ. ಆದರೆ ಬಾಯಿ ತೆರೆದರೆ ದನಿ ಬಾರದು. ನಿಮ್ಮ ತಾತನನ್ನು ಬಿಟ್ಟು ಬೇರೆ ಗಂಡಸಿನ ಮುಂದೆ ನಾನು ಗಟ್ಟಿಯಾಗಿ ಓದಿದ್ದೇ ಇಲ್ಲ. ಅವರಿಗೆ ಅರ್ಥವಾಯಿತೇನೋ, ಆ ಕಡೆ ತಿರುಗಿ ಬಾನೆಟ್ಟಿನೊಳಕ್ಕೆ ತಲೆ ತೂರಿಸಿಬಿಟ್ಟರು. ಬೆನ್ನು ಕಂಡ ಮೇಲೆ ನನ್ನ ದನಿ ಹೊರಟಿತು.

"ಮೊದಲು ಬ್ಯಾಟರಿಯ ಅರ್ತ್ ವೈರ್ ಬಿಚ್ಚಿ."

ಅವರು ಬಿಚ್ಚಿದರು. ನಾನು ಬೆರಳನ್ನು ಅದೇ ಸಾಲಿನ ಮೇಲೆ ಇಟ್ಟುಕೊಂಡಿದ್ದೆ.

"ಮುಂದಕ್ಕೆ ಹೇಳಿ ಅಕ್ಕಾ."

"ನಾನು ಓದಿದ್ದನ್ನು ನೀವು ತಿರುಗಿ ಹೇಳಬೇಕು. ಆಮೇಲೆ ಮಾಡಬೇಕು."

"ಅಯ್ಯೋ ಅಲ್ಲಾ! ಅವನು ಇಷ್ಟು ವರ್ಷ ಹೀಗೇ ಮಾಡಿದ್ನಾ? ಪಾಪ."

ಗೊಣಗುತ್ತಲೇ ತಿರುಗಿ ಹೇಳಿದರು. ಬೋಲ್ಟುಗಳು ಒಂದೊಂದಾಗಿ ಇಡ್ಲಿ ತಟ್ಟೆಗೆ ಬಂದವು. ಬ್ಯಾಟರಿ ಎತ್ತಿದಾಗ ಅದರ ಕೆಳಗೆ ಕಪ್ಪುನೀರಿನ ಕೊಳವೇ ನಿಂತಿತ್ತು. ಕೈ ಹಾಕಿ ರಬ್ಬರನ್ನು ಕಿತ್ತರು. ಗುಳುಗುಳು ಸದ್ದು ಮಾಡುತ್ತ ನೀರು ಇಳಿಯಿತು. ರಬ್ಬರಿನ ಬಾಯಲ್ಲಿ ಒಂದು ಮುದ್ದೆ ಸಿಕ್ಕಿಕೊಂಡಿತ್ತು, ಎಳೆದಷ್ಟೂ ಬರುತ್ತಿತ್ತು.

ಆ ಹೊತ್ತಿಗೆ ಹೂ ಕೊಡಲು ಬಂದಿದ್ದ ಹೂವಿನವಳು ಅಲ್ಲೇ ನಿಂತಿದ್ದಳು. ಮುದ್ದೆಯನ್ನು ಕೈಗೆ ತೆಗೆದುಕೊಂಡು ಬಿಡಿಸಿದಳು. ಕೊಳೆತು ಮಣ್ಣಾದ ಹೂವಿನ ನಡುವೆ ಬಾಳೆನಾರು ಮಾತ್ರ ಗಟ್ಟಿಯಾಗಿ ಉಳಿದಿತ್ತು.

"ಇದು ನನ್ ಗಂಟು ಕಣಕ್ಕ," ಎಂದಳು. "ಎಲ್ರೂ ಎರಡ್ ಸುತ್ತು ಹಾಕ್ತಾರೆ, ನಾನು ಒಂದ್ ಸುತ್ತು ಹಾಕಿ ಒಳಕ್ ತೂರುಸ್ತೀನಿ. ನಾನ್ ಕೊಟ್ ಹೂವೇ ನನ್ ಮಗಳ ಕಾರ್ನ ನಿಲ್ಲುಸ್ಬುಡ್ತಲ್ಲ!"

ಅವಳ ಕಣ್ಣಲ್ಲಿ ನೀರು. ಗಾಳಿಗೆ ಹಾರಿಹೋಗುತ್ತಿದೆಯೆಂದು ನಾವು ತಿಳಿದಿದ್ದ ಹೂವೆಲ್ಲ ಗಾಜಿನ ಬುಡದ ಸಂದಿಯಲ್ಲಿ ಇಳಿದು ಅಲ್ಲಿ ಸೇರಿಕೊಂಡಿತ್ತು. ನನಗೆ ಅಳು ಬರಲಿಲ್ಲ. ಅಷ್ಟೂ ಬೆಳಗುಗಳಲ್ಲಿ ಕೈಮುಗಿದು ನಿಂತ ನಿಮ್ಮ ತಾತನ ಬೆನ್ನು ಕಣ್ಣಿಗೆ ಕಟ್ಟಿತು, ಅಷ್ಟೆ.

"ಹೂವಿನ ತಪ್ಪೇನಮ್ಮಾ, ಇಟ್ಟೋನಿಗೆ ತೂಬು ಕಾಣ್ಲಿಲ್ಲ," ಎಂದರು ಮೆಕ್ಯಾನಿಕ್ಕು. "ಕಾರು ಮಾಡಿದೋರು ಎಲೆ ಬೀಳುತ್ತೆ ಅಂತ ಲೆಕ್ಕ ಹಾಕಿರ್ತಾರೆ. ಮಲ್ಲಿಗೆ ಹಾರ ಬೀಳುತ್ತೆ ಅಂತ ಯಾರಿಗೆ ಗೊತ್ತು?"

ಆ ಮುದ್ದೆಯನ್ನು ಕರಿಬೇವಿನ ಗಿಡದ ಬುಡಕ್ಕೆ ಹಾಕಿದೆವು.

ನೀರಿನ ದಾರಿ ತಿಳಿಯಿತು, ಆದರೆ ಪೆಟ್ಟಿಗೆ? ಒದ್ದೆಯಾಗಿದ್ದರೆ ಬದಲಿಸಿ ಎಂದಿತ್ತು ಪುಸ್ತಕ. ಇಲ್ಲಿ ಮಾತ್ರ ಮೆಕ್ಯಾನಿಕ್ಕು ಪುಸ್ತಕದ ಮಾತು ಕೇಳಲಿಲ್ಲ. ಪೆಟ್ಟಿಗೆ ತೆರೆದು, ಹಸಿರು ಕಿಲುಬನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಮೆತ್ತನೆ ಬ್ರಶ್ಶಿನಿಂದ ಉಜ್ಜಿ, "ಒಣಗಿಸಿ ನೋಡೋಣ. ಬಿಸಿಲಲ್ಲಿ ಬೇಡ, ಗಾಳಿಗೆ" ಎಂದು ನನ್ನ ಕೈಗೆ ಕೊಟ್ಟು ಹೋದರು. ಸಂಡಿಗೆ ಒಣಹಾಕುವ ಬಿಳಿ ಪಂಚೆಯ ಮೇಲೆ, ಮಾಳಿಗೆಯ ನೆರಳಿನಲ್ಲಿ ಅದನ್ನಿಟ್ಟೆ. ಕಾರ್ಪೆಟ್ಟು ಪಕ್ಕದಲ್ಲಿ ಬಿಸಿಲಿಗೆ. ಶ್ರಾವಣದ ಬಿಸಿಲು ಗೊತ್ತಲ್ಲ, ನೆಂಟರ ಹಾಗೆ, ಬಂದೆ ಅನ್ನುವಷ್ಟರಲ್ಲಿ ಹೊರಟಿರುತ್ತದೆ. ಮೋಡ ಕಂಡಾಗಲೆಲ್ಲ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೆಳಗಿಳಿಯುವುದು, ಬಿಸಿಲು ಬಂದರೆ ಮೇಲಕ್ಕೆ ಹತ್ತುವುದು. ಮಾಳಿಗೆ ಮೇಲಿನ ನನ್ನನ್ನು ನೋಡಿ ಪಕ್ಕದ ಮನೆಯಾಕೆ, "ಏನ್ ಹಪ್ಪಳಾನಾ ಆಂಟಿ?" ಎಂದು ಕೇಳಿದಳು. ಹೂಂ ಎಂದುಬಿಟ್ಟೆ.

ಮದುವೆಯ ಹಿಂದಿನ ದಿನ ಜೋಡಿಸಲು ಕೂತೆವು. ನಿಮ್ಮಪ್ಪನೂ ಟಾರ್ಚ್ ಹಿಡಿದು ನಿಂತರು. ಎಲ್ಲ ಮುಗಿಯಿತೆಂದು ಮೆಕ್ಯಾನಿಕ್ಕು ಕೀಲಿ ತಿರುಗಿಸಿದರು. ಇಂಜಿನ್ ಎದ್ದಿತು. ಗೇರು ಕದಲಲಿಲ್ಲ. ಮತ್ತೆ ತಿರುಗಿಸಿದರು. ಇಲ್ಲ.

"ಪೆಟ್ಗೆ ಹೋಗಿದೆ ಅಕ್ಕಾ. ಹುಡುಗಿಗೆ ಹೇಳಿಬಿಡಿ" ಎನ್ನುತ್ತ ಅವರು ಕೈ ಒರೆಸಿಕೊಳ್ಳತೊಡಗಿದರು.

ನಾನು ತಟ್ಟೆ ಎತ್ತಿಕೊಳ್ಳಲು ಬಗ್ಗಿದೆ. ನಡುವಿನ ಗುಳಿಯಲ್ಲಿ, ಗ್ರೀಸಿನ ಬಣ್ಣದಲ್ಲೇ ಬೆರೆತು, ಒಂದು ಚಿಕ್ಕ ಬೋಲ್ಟು ಉಳಿದಿತ್ತು.

"ತಟ್ಟೆ ಖಾಲಿಯಾಗಿಲ್ಲ" ಎಂದೆ.

"ಅದೇನ್ ಬಿಡಿ, ಯಾವ್ದೋ ಮುಚ್ಚಳದ್ದು."

"ಈ ಗುಳಿ ಕಾರ್ಪೆಟ್ಟಿನ ಕೆಳಗಿನ ಕೆಲಸದ್ದು. ಮುಚ್ಚಳದ್ದಲ್ಲ." ಪುಟ ಹಿಂದಕ್ಕೆ ತಿರುವಿ, ಆ ಗುಳಿಗೆ ಹೊಂದುವ ಸಾಲನ್ನು ಬೆರಳಿಟ್ಟು ಓದಿದೆ. ಪೆಟ್ಟಿಗೆಯ ಹಿಂದೆ ಕಂದು ವೈರೊಂದನ್ನು ಕಾರಿನ ಮೈಗೆ ಕೂರಿಸುವ ಬೋಲ್ಟದು. ಅದಿಲ್ಲದೆ ಪೆಟ್ಟಿಗೆಗೆ ಕರೆಂಟು ಪೂರ್ತಿ ಸುತ್ತಿ ಬರುವುದಿಲ್ಲ. ಮೆಕ್ಯಾನಿಕ್ಕು ಕಾರ್ಪೆಟ್ಟನ್ನು ಮತ್ತೆ ಎತ್ತಿದರು. ಕಂದು ವೈರು ಜೋತುಬಿದ್ದಿತ್ತು. ಬೋಲ್ಟು ಹಾಕಿದರು, ನಾನು ಹೇಳಿದಷ್ಟೇ ಬಿಗಿಮಾಡಿದರು. ಕೀಲಿ ತಿರುಗಿಸಿ ಕಡ್ಡಿ ಎಳೆದರು. ಗೇರು ಬಿತ್ತು. ಕಾರು ಒಂದು ಮೊಳ ಮುಂದಕ್ಕೆ ಬಂದು ನಿಂತಾಗ ನಿಮ್ಮಪ್ಪ ಟಾರ್ಚ್ ಹಿಡಿದ ಕೈಯಲ್ಲೇ ಚಪ್ಪಾಳೆ ಹೊಡೆಯಲು ಹೋಗಿ ಟಾರ್ಚ್ ಕೆಳಕ್ಕೆ ಹಾಕಿದರು.

ಮದುವೆಯ ದಿನ ಹುಡುಗಿಯ ತಾಯಿಯೇ ಕಾರಿಗೆ ಹೂ ಕಟ್ಟಿದಳು. ಬಾಗಿಲುಗಳಿಗೆ ಮಾತ್ರ. ಗಾಜಿನ ಹತ್ತಿರಕ್ಕೆ ಒಂದು ಎಸಳೂ ಬಾರದಂತೆ ಅಲ್ಲೊಂದು ಬಟ್ಟೆ ಹಾಸಿದ್ದಳು. ನಾನು ಮಂಟಪದ ಗೇಟಿನ ಬಳಿ ಮರೆಯಲ್ಲಿ ನಿಂತಿದ್ದೆ. ಹೆಣ್ಣು ಗಂಡು ಹಿಂದೆ ಕೂತರು. ಮುಂದಿನ ಸೀಟಿನ ಬಾಗಿಲು ತೆಗೆದು ಮೆಕ್ಯಾನಿಕ್ಕು ನನ್ನನ್ನು ಕರೆದರು. ನಾನು ತಲೆಯಾಡಿಸಿದೆ. ಗಂಡಿನ ಕಡೆಯ ಹಿರಿಯಾಕೆಯೊಬ್ಬರು, "ಮುಂದೆ ಯಾರಾದ್ರೂ ಮುತ್ತೈದೆ ಕೂರ್ಲಿ" ಎಂದರು. ಅವರ ಮಾತಿನಿಂದ ನನಗೆ ನೋವಾಗಲಿಲ್ಲ, ನಾನೂ ಅದನ್ನೇ ಅಂದುಕೊಂಡಿದ್ದೆ.

"ಪುಸ್ತಕ ಓದೋ ಮುತ್ತೈದೆ ಇದ್ರೆ ಕೂರ್ಲಿ ಕಣ್ರಮ್ಮ" ಎಂದರು ಮೆಕ್ಯಾನಿಕ್ಕು. "ದಾರೀಲಿ ಗಾಡಿ ನಿಂತ್ರೆ ನೀವು ಓದ್ತೀರಾ? ಅಕ್ಕ ಕೂರ್ದೆ ನಾನು ಗಾಡಿ ತೆಗೆಯೋನಲ್ಲ."

ಹೂವಿನವಳು ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಕೂರಿಸಿದಳು. ಪುಸ್ತಕ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಒಂದೊಂದು ಗೇರು ಬದಲಾದಾಗಲೂ ಮನಸ್ಸಿನಲ್ಲೇ 'ಹೂಂ, ಮುಂದಕ್ಕೆ' ಅಂದುಕೊಳ್ಳುತ್ತಿದ್ದೆ. ಹಿಂದೆ ಹುಡುಗಿ ಸದ್ದಿಲ್ಲದೆ ಅಳುತ್ತಿದ್ದಳು.

ಲಷ್ಕರ್ ಮೊಹಲ್ಲಾದ ಆ ಗಲ್ಲಿಯ ಬಾಯಿಗೆ ಬಂದಾಗ ಮೆಕ್ಯಾನಿಕ್ಕು ಬ್ರೇಕು ತುಳಿದರು. ಗಲ್ಲಿ ಕಿರಿದು, ಕಾರು ಅಗಲ. ನಾವು ಇಷ್ಟೆಲ್ಲ ಮಾಡಿದವರು ಇದೊಂದನ್ನು ಯೋಚಿಸಿರಲಿಲ್ಲ. ಆರತಿ ತಟ್ಟೆ ಹಿಡಿದವರು ಗಲ್ಲಿಯ ಒಳಗೆ ಮನೆಬಾಗಿಲಲ್ಲಿ ಕಾಯುತ್ತಿದ್ದರು. "ಇಲ್ಲಿಂದ ನಡ್ಕೊಂಡೇ ಬನ್ನಿ" ಎಂದು ಯಾರೋ ಕೂಗಿದರು. ಮದುಮಗ ಮೊದಲು ನಕ್ಕ, ಆಮೇಲೆ ಎಲ್ಲರೂ ನಕ್ಕರು.

ಹುಡುಗಿ ಇಳಿಯಲಿಲ್ಲ. ಮುಂದಕ್ಕೆ ಬಗ್ಗಿ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, "ಅಜ್ಜಿ, ಇನ್ನೊಂದ್ ಸುತ್ತು ಹೋಗಾಣ. ಒಂದೇ ಸುತ್ತು" ಎಂದಳು.

ನಾನು ಹಿಂತಿರುಗಿ ಮದುಮಗನನ್ನು ನೋಡಿದೆ. ಅವನು, "ಹೋಗಣ್ರಿ. ನಾನೂ ಇಂಥ ಕಾರಲ್ಲಿ ಕೂತಿದ್ದು ಇವತ್ತೇ. ರಾಹುಕಾಲಕ್ಕೆ ಇನ್ನೂ ಹೊತ್ತೈತೆ" ಎಂದ.

ಹೊರಗೆ ಆ ಹಿರಿಯಾಕೆ, "ಯಾಕ್ ಇಳೀತಿಲ್ಲ, ಏನಾಯ್ತು?" ಎಂದು ಗಾಜು ತಟ್ಟುತ್ತಿದ್ದರು. ನನ್ನ ಬಾಯಲ್ಲಿ ಅಷ್ಟು ಜನರ ಮುಂದೆ ಎಂದೂ ಬಾರದ ದನಿ ಬಂತು. ಗಾಜಿಳಿಸಿ, "ಗಾಡಿ ಇಲ್ಲಿ ತಿರುಗೋದಿಲ್ಲ ಕಣ್ರಮ್ಮ, ಮಾರ್ಕೆಟ್ ಸುತ್ತಿಕೊಂಡು ಬರ್ತೀವಿ" ಎಂದೆ.

ಮೆಕ್ಯಾನಿಕ್ಕು ನನ್ನ ಮುಖ ನೋಡಿದರು. ಗಡ್ಡದೊಳಗೇ ನಕ್ಕು, ಗೇರಿನ ಕಡ್ಡಿಯನ್ನು ರಿವರ್ಸಿಗೆ ಸರಿಸಿದರು. ಕಾರು ಮೆತ್ತಗೆ ಹಿಂದಕ್ಕೆ ಸರಿದು ದೊಡ್ಡ ರಸ್ತೆಗೆ ಇಳಿಯಿತು. ಹುಡುಗಿ ಅಳು ನಿಲ್ಲಿಸಿ, ಒಂದೊಂದು ಅಂಗಡಿಯನ್ನೂ ಗಂಡನಿಗೆ ತೋರಿಸತೊಡಗಿದಳು.